ರ ಗ ಸ ದ ಅ: ಒಂದು ನಲಿಕಲಿ ಕೋಣೆ ಮತ್ತು ಮನೆಯವರಿಗೆ ಹೇಳದೆ ಉಳಿದ ಮಾತು

ದಸರಾ ರಜೆಗೆ ಇನ್ನೆರಡು ದಿನ ಇತ್ತು. ಬೆಳಿಗ್ಗೆ ಹಾಲು ಕುಡಿಸಿ ಮಕ್ಕಳನ್ನು ಒಳಗೆ ಕೂರಿಸುತ್ತಿದ್ದೆ. ಒಂದನೇ ತರಗತಿ ಹುಡುಗಿಯೊಬ್ಬಳ ಅಪ್ಪ ಬಾಗಿಲಿಗೆ ಬಂದು ನಿಂತರು. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರು, ಹಬ್ಬಕ್ಕೆ ಊರಿಗೆ ಬಂದಿದ್ದರು. ಕೈಯಲ್ಲಿ ಮಗಳ ಪಾಟಿ.

"ಟೀಚರ್, ಸಾಲಿಗಿ ಬರಲತ್ತಿ ನಾಕು ತಿಂಗಳಾತು. ಅ ಆ ಇ ಈ ಬರಿ ಅಂದ್ರ ಬರಂಗಿಲ್ಲ ಈಕಿಗಿ. ಏನ್ ಕಲಸಲತ್ತೀರಿ ನೀವು? ಟಿಸಿ ಕೊಡ್ರಿ."

ಪಾಟಿ ಇಸ್ಕೊಂಡು ನೋಡಿದೆ. ಮೇಲೆ ಒಂದು ಅ ಇತ್ತು. ಅದರ ಪಕ್ಕ ಆ ಬರೆಯಲು ಹೋಗಿ ಅಂಗೈಯಿಂದ ಒರೆಸಿದ ಗುರುತು. ಕೆಳಗೆ ಸಾಲಾಗಿ ರ, ಗ, ಸ, ದ. ಅದನ್ನು ಬರಿ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ತಾನಾಗೇ ಬರೆದಿದ್ದಳು. ಗುಂಡಗೆ, ಒಂದೇ ಅಳತೆಯಲ್ಲಿ. ನನ್ನ ಕಣ್ಣಿಗೆ ಮೊದಲು ಕಂಡಿದ್ದೇ ಆ ಸಾಲು. ಅವಳ ಅಪ್ಪನಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

ಅವರು ಸಿಟ್ಟಾಗಿದ್ದರಲ್ಲಿ ತಪ್ಪಿಲ್ಲ. ತಾವು ಕಲಿತ ಹಾಗೆ ಅ ಆ ಇ ಈ ಯಿಂದಲೇ ಶುರು ಅಂದುಕೊಂಡಿದ್ದರು. ಹಾಗಲ್ಲ ಅಂತ ಅವರಿಗೆ ಹೇಳಬೇಕಿದ್ದವಳು ನಾನು. ನಾಲ್ಕು ತಿಂಗಳಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಹೋದ ವರ್ಷದ ಆ ದಿನದಿಂದ ಮಾರ್ಚ್ ತನಕ ನಮ್ಮ ಶಾಲೆಯಲ್ಲಿ ಏನೇನು ಮಾಡಿದೆವು, ಯಾವುದು ನಡೆಯಿತು, ಯಾವುದು ಕೆಟ್ಟಿತು ಅಂತ ಇಲ್ಲಿ ಬರೆದಿದ್ದೇನೆ. ನಮ್ಮದು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಊರ ಮಕ್ಕಳ ಜೊತೆ ಪಕ್ಕದ ತಾಂಡಾದ ಮಕ್ಕಳೂ ಬರುತ್ತಾರೆ. ನಾನು ನಲಿಕಲಿ ಟೀಚರ್, ಅಂದರೆ ಚಟುವಟಿಕೆ, ಕಾರ್ಡುಗಳ ಮೂಲಕ ಸಣ್ಣ ಮಕ್ಕಳಿಗೆ ಕಲಿಸುವ ಪದ್ಧತಿಯವಳು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನನ್ನ ಹತ್ತಿರ.

ಹೊರಗಿನಿಂದ ನೋಡಿದರೆ ಆಟ

ನಲಿಕಲಿ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇಷ್ಟು ವರ್ಷ ಆದರೂ, ಕಿಟಕಿಯಲ್ಲಿ ಇಣುಕಿ ನೋಡಿದ ಅಪ್ಪ ಅಮ್ಮನಿಗೆ ಅದು ಪಾಠದ ಹಾಗೆ ಕಾಣುವುದಿಲ್ಲ. ಬೆಂಚಿಲ್ಲ. ಟೀಚರ್ ಮುಂದೆ ನಿಂತು ಓದಿಸುವುದಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ಒಂದು ಗುಂಪು ನನ್ನ ಜೊತೆ, ಇನ್ನೊಂದು ಗೆಳೆಯರ ಸಹಾಯದಿಂದ, ಮತ್ತೊಂದು ತಾನಾಗೇ ಕಲಿಯುತ್ತಾ. ಕಾರ್ಡುಗಳ ಮೇಲೆ ಚಿತ್ರದ ಗುರುತು ಇರುತ್ತೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದು ಅಂತ ನೋಡಿಕೊಂಡು ಮಗು ತಾನೇ ಕಾರ್ಡ್ ತೆಗೆದುಕೊಳ್ಳುತ್ತೆ. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿದು ಚೌಕದ ಮನೆ ಹಾಕಿರುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಮನೆ. ಬರೆಯುವುದು ಅಲ್ಲಿ. ಮಾಡಿದ ಚಿತ್ರ, ಕಾಗದದ ಕೆಲಸ ತಲೆಯ ಮೇಲಿನ ಚಪ್ಪರದ ದಾರದಲ್ಲಿ ತೂಗಾಡುತ್ತಿರುತ್ತೆ.

ಹೀಗಾಗಿ ಚೀಲದಲ್ಲಿ ಮನೆಗೆ ಹೋಗುವುದು ಬಹಳ ಕಡಿಮೆ. ಕಾರ್ಡ್ ಶಾಲೆಯಲ್ಲೇ, ಗೋಡೆ ಶಾಲೆಯಲ್ಲೇ. ಶಹಾಪುರಕ್ಕೆ ವ್ಯಾನಿನಲ್ಲಿ ಹೋಗುವ ಪಕ್ಕದ ಮನೆ ಹುಡುಗನ ಚೀಲದಲ್ಲಿ ಆರು ನೋಟ್‌ಬುಕ್. ದಿನಾ ಹೋಂವರ್ಕ್, ಕೆಂಪು ಶಾಯಿಯ ಟಿಕ್ ಮಾರ್ಕ್. ಪಕ್ಕ ಪಕ್ಕ ಇಟ್ಟು ನೋಡಿದ ಯಾರಿಗಾದರೂ ನಮ್ಮ ಮಗು ಏನೂ ಕಲಿಯುತ್ತಿಲ್ಲ ಅಂತಲೇ ಅನಿಸುತ್ತೆ, ಅಲ್ವಾ?

ಜೊತೆಗೆ ಒಂದನೇ ತರಗತಿಗೆ ಶುರುವಿನ ಸುಮಾರು ಮೂರು ತಿಂಗಳು ವಿದ್ಯಾಪ್ರವೇಶ, ಅಂದರೆ ಮಗುವನ್ನು ಶಾಲೆಗೆ ಹೊಂದಿಸುವ ಕಾರ್ಯಕ್ರಮ. ಅದರಲ್ಲಿ ಆಟ, ಹಾಡು, ಕತೆ, ಕೈಬೆರಳಿನ ಕೆಲಸವೇ ಜಾಸ್ತಿ. ಆಮೇಲೆ ಅಕ್ಷರ. ಅದೂ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ, ನಂತರ ಜ ವ ಮ ಬ ನ. ಬರೆಯಲು ಸುಲಭವಾದದ್ದು, ಆಕಾರದಲ್ಲಿ ಒಂದಕ್ಕೊಂದು ಹೋಲುವುದು ಮೊದಲು. ಐದು ಅಕ್ಷರ ಬಂದರೆ ಸಾಕು, ಮಗು ಓದಲು ಶುರು ಮಾಡುತ್ತೆ: ಸರ, ರಸ, ಅರಸ, ಅಗಸ, ಗರಗಸ. ಅ ಆ ಇ ಈ ಅಂತ ಹೋದರೆ ಸ್ವರ ಎಲ್ಲಾ ಮುಗಿದರೂ ಓದಿ ಖುಷಿಪಡಲು ಒಂದು ಒಳ್ಳೆ ಪದ ಸಿಗುವುದಿಲ್ಲ.

ಇದನ್ನು ಅವತ್ತು ಬಾಗಿಲಲ್ಲೇ ನಿಂತು ಹೇಳಿದೆ. ಹುಡುಗಿಯನ್ನು ಕರೆದು ಅವಳ ಗೋಡೆಯ ಮನೆಯಲ್ಲಿ "ಗರಗಸ" ಬರಿ ಅಂದೆ. ಬರೆದಳು, ಓದಿದಳು. ಅವರ ಅಪ್ಪ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ನಿಂತರು. "ಇದು ಬರ್ತದಂತ ನಮಗ ಯಾರು ಹೇಳ್ಯಾರ್ರಿ?" ಅಂದರು. ಮಾರ್ಚ್ ತನಕ ನೋಡ್ತೀನಿ ಅಂತ ಹೋದರು. ಟಿಸಿ ಕೇಳಿದರೆ ಇಲ್ಲ ಅನ್ನುವಂತಿಲ್ಲ, ಕೂಡಲೇ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಅವರೇ ಉಳಿಸಿಕೊಂಡರು.

ಎಷ್ಟು ಸಲ ಕರೆದಿದ್ದೆವು, ಯಾತಕ್ಕೆ ಕರೆದಿದ್ದೆವು

ರಜೆಯಲ್ಲಿ ಕೂತು ಜೂನ್‌ನಿಂದ ಅಲ್ಲಿಯ ತನಕ ಮನೆಯವರನ್ನು ಯಾವ್ಯಾವುದಕ್ಕೆ ಕರೆದೆವು ಅಂತ ನೆನಪು ಮಾಡಿಕೊಂಡು ಬರೆದೆ. ಆಧಾರ್ ಜೆರಾಕ್ಸ್. ಬ್ಯಾಂಕ್ ಪಾಸ್‌ಬುಕ್. ಜಾತಿ ಆದಾಯ ಪ್ರಮಾಣಪತ್ರ. ಸಮವಸ್ತ್ರ ಕೊಟ್ಟಾಗ ಸಹಿ. ಮಗು ಬರದಿದ್ದಾಗ ಯಾಕೆ ಬಂದಿಲ್ಲ ಅಂತ. ಇಬ್ಬರು ಹುಡುಗರು ಹೊಡೆದಾಡಿದಾಗ. ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ) ಸಭೆ ಮೂರು ಸಲ ಆಗಿತ್ತು. ಕಾಂಪೌಂಡ್, ಶೌಚಾಲಯದ ನೀರು, ಬಿಸಿಯೂಟದ ಗ್ಯಾಸ್ ಮಾತಾಡಿದ್ದೆವು. ಎಲ್ಲಾ ಬೇಕಾದ ಮಾತುಗಳೇ. ಆದರೆ "ಈ ತಿಂಗಳು ನಿಮ್ಮ ಮಗು ಇದನ್ನು ಕಲಿಯುತ್ತೆ" ಅನ್ನುವ ಮಾತಿಗೆ ಒಬ್ಬರನ್ನೂ ಕರೆದಿರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯ ಹೇಳುತ್ತೆ. ಅದರಲ್ಲಿ ಒಂದು, ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ತಿಳಿಸುವುದು. ಪರೀಕ್ಷೆಗೆ ಓದುವಾಗ ಬಾಯಿಪಾಠ ಮಾಡಿದ ಸಾಲು ಅದು. ಕೆಲಸದಲ್ಲಿ ಹಾಜರಾತಿಯ ಹತ್ತಿರವೇ ನಿಂತುಬಿಟ್ಟಿದ್ದೆ.

ಮೊದಲ ಎರಡು ತಿಂಗಳು

ರಜೆ ಮುಗಿದ ಮೇಲೆ ಒಂದು ಪುಟದ ಪತ್ರ ಮಾಡಿದೆ. ನಲಿಕಲಿ ಅಂದರೆ ಏನು, ಈ ತಿಂಗಳ ಅಕ್ಷರ ಯಾವುದು, ಮಗು ಏನೇನು ತರಬೇಕು. ಶಹಾಪುರಕ್ಕೆ ಹೋಗಿ ಪ್ರಿಂಟ್ ಹಾಕಿಸಿ ಎಲ್ಲರ ಚೀಲದಲ್ಲೂ ಇಟ್ಟೆ. ಮರುದಿನ ಕೇಳಿದರೆ ಒಬ್ಬ ಹುಡುಗ "ನಮ್ಮವ್ವ ಹೆಬ್ಬಟ್ಟು ಎಲ್ಲಿ ಒತ್ಬೇಕಂತ ಕೇಳ್ಯಾಳ್ರಿ" ಅಂದ. ಶಾಲೆಯಿಂದ ಕಾಗದ ಬಂದರೆ ಸಹಿ ಕೇಳಲು ಅಂತಲೇ ಅವರಿಗೆ ಅಭ್ಯಾಸ.

2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಹೆಣ್ಣುಮಕ್ಕಳಲ್ಲಿ ಇನ್ನೂ ಕಡಿಮೆ. ದಿನಾ ಮಗುವನ್ನು ಎಬ್ಬಿಸಿ, ಜಳಕ ಮಾಡಿಸಿ, ಶಾಲೆಗೆ ಕಳಿಸುವವರು ತಾಯಿ, ಇಲ್ಲವೇ ಆಯಿ, ಅಂದರೆ ಅಜ್ಜಿ. ಓದು ಬಲ್ಲ ಅಪ್ಪ ಇರುವುದು ಬೆಂಗಳೂರಿನಲ್ಲಿ, ಮುಂಬೈಯಲ್ಲಿ. ಇಂಥ ಊರಿನಲ್ಲಿ ಪತ್ರ ಬರೆದು ಹೇಳಿದೆ ಅಂದುಕೊಂಡರೆ, ಯಾರಿಗೂ ಹೇಳಲಿಲ್ಲ ಅಂತಲೇ ಲೆಕ್ಕ.

ಆಮೇಲೆ ಶನಿವಾರ 11 ಗಂಟೆಗೆ ಪೋಷಕರ ಸಭೆ ಇಟ್ಟೆ. ಹತ್ತಿ ಬಿಡಿಸುವ ಕಾಲ. ಬೆಳಿಗ್ಗೆ ಏಳಕ್ಕೆಲ್ಲ ಟಂಟಂ ತುಂಬಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಕೆಜಿ ಲೆಕ್ಕದಲ್ಲಿ ಕೂಲಿ. ಒಂದು ಹೊತ್ತು ಬಿಟ್ಟರೆ ಅಷ್ಟು ದುಡ್ಡು ಹೋಯಿತು. ನಾಲ್ಕು ಜನ ಬಂದರು. ಅದರಲ್ಲಿ ಇಬ್ಬರು ನಮ್ಮ ಅಡುಗೆಯವರೇ.

ಪೋಷಕರಿಗೆ ಆಸಕ್ತಿ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂತು. ಆ ಮಾತು ನನಗೆ ಸರಿ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. ಸಂಜೆ ಅಡುಗೆಯವರಲ್ಲಿ ಒಬ್ಬರು ಪಾತ್ರೆ ತೊಳೆಯುತ್ತಾ ಹೇಳಿದರು: "ಸಂತಿ ದಿನ ಇಡ್ರಿ ಟೀಚರ್. ಅವತ್ತು ಯಾರೂ ಕೂಲಿಗಿ ಹೋಗಂಗಿಲ್ಲ. ಮಧ್ಯಾಹ್ನ ಸಂತಿಗಿ ಹೋಗ್ತಾರ. ಮುಂಜಾನಿ ಮನ್ಯಾಗೇ ಇರ್ತಾರ."

ಅಷ್ಟು ವರ್ಷ ಆ ಊರಲ್ಲಿ ಕೆಲಸ ಮಾಡಿದ್ದೆ. ಸಂತೆಯ ದಿನ ಯಾವುದು ಅಂತ ಗೊತ್ತಿತ್ತು. ಅದನ್ನು ಶಾಲೆಗೆ ಜೋಡಿಸಬಹುದು ಅಂತ ಹೊಳೆದಿರಲಿಲ್ಲ.

ಸಂತೆ ದಿನದ ಬೆಳಿಗ್ಗೆ

ಡಿಸೆಂಬರ್ ಮೊದಲ ಸಂತೆ. ಭಾಷಣ ಬೇಡ, ಕುರ್ಚಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಇಪ್ಪತ್ತಕ್ಕೂ ಜಾಸ್ತಿ ಹೆಂಗಸರು ಬಂದರು, ಮೂರು ಜನ ಅಜ್ಜಂದಿರು. ಮಕ್ಕಳು ಎಲ್ಲಿ ಕೂರುತ್ತಾರೋ ಅಲ್ಲೇ ಅವರನ್ನು ಕೂರಿಸಿದೆ. ಪ್ರತಿ ಮಗುವೂ ತನ್ನ ಮನೆಯವರಿಗೆ ತಾನು ದಿನಾ ಮಾಡುವುದನ್ನೇ ಮಾಡಿ ತೋರಿಸಬೇಕು, ಅಷ್ಟೇ.

ಆ ಸೆಂಟ್ರಿಂಗ್ ಕೆಲಸದವರ ಮಗಳು ತನ್ನ ಆಯಿಯನ್ನು ಕರೆತಂದಿದ್ದಳು. ಏಣಿಯ ಮುಂದೆ ನಿಲ್ಲಿಸಿ "ನಾ ಇಲ್ಲಿ ಅದೀನಿ" ಅಂತ ಬೆರಳಿಟ್ಟಳು. ಆ ಗುರುತಿನ ಕಾರ್ಡ್ ಹುಡುಕಿ ತಂದಳು. ಗೋಡೆಯ ತನ್ನ ಮನೆಯಲ್ಲಿ ದೊಡ್ಡದಾಗಿ ರ ಬರೆದು, ಆಯಿಯ ತೋರುಬೆರಳು ಹಿಡಿದು ಅದರ ಮೇಲೆ ತಿದ್ದಿಸಿದಳು. ಆಯಿಯ ಬೆರಳಿನ ತುದಿ ಹತ್ತಿಯ ಕಾಯಿ ಚುಚ್ಚಿ ಚುಚ್ಚಿ ಸೀಳಿತ್ತು. ಸೀಳಿನಲ್ಲಿ ಸುಣ್ಣದ ಪುಡಿ ಕೂತು ಬೆಳ್ಳಗಾಯಿತು. "ಹಿಂಗ ಸುತ್ತಿ ಹಿಂಗ ಬಿಡು ಆಯಿ" ಅಂತ ಮೊಮ್ಮಗಳು ಹೇಳಿಕೊಡುತ್ತಿದ್ದಳು. ಎರಡು ಸಲ ತಿದ್ದಿದ ಮೇಲೆ ಮೂರನೇ ಸಲ ಆಯಿ ತಾವೇ ಪಕ್ಕದಲ್ಲಿ ಒಂದು ರ ಬರೆದರು. ಸ್ವಲ್ಪ ವಾರೆಯಾಗಿತ್ತು. ಅದನ್ನು ವಾರಗಟ್ಟಲೆ ಒರೆಸಲು ಆ ಹುಡುಗಿ ಬಿಡಲಿಲ್ಲ.

ತಾಂಡಾದ ತಾಯಂದಿರಿಗೆ ನನ್ನ ಮಾತು ಅರ್ಧ ಮುಟ್ಟುತ್ತಿತ್ತು. ಮನೆಯಲ್ಲಿ ಅವರದು ಲಂಬಾಣಿ. ಏಳನೇ ತರಗತಿಯ ತಾಂಡಾದ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು, ನಾನು ಹೇಳಿದ್ದನ್ನು ಅವಳು ಹೇಳುವ ಹಾಗೆ ಮಾಡಿದೆ. ಅವಳು ಸುಮ್ನೆ ಮಾತು ಬದಲಾಯಿಸಲಿಲ್ಲ. ತಾನು ಒಂದನೇ ತರಗತಿಯಲ್ಲಿ ಕನ್ನಡ ಬರದೆ ಎಷ್ಟು ದಿನ ಬಾಯಿ ಬಿಡದೆ ಕೂತಿದ್ದೆ ಅಂತಲೂ ಹೇಳಿದಳಂತೆ. ಅದಾದ ಮೇಲೆ ಇಬ್ಬರು ತಾಯಂದಿರು ಎದ್ದು ಬಂದು, ತಮ್ಮ ಮಗುವೂ ಹಾಗೇ ಕೂತಿರುತ್ತಾ ಅಂತ ಕೇಳಿದರು. ಕೂತಿರುತ್ತೆ ಅಂದೆ. ಅಲ್ಲಿಂದ ಮುಂದೆ ಆ ಮಕ್ಕಳ ಬಗ್ಗೆ ನಾವು ಬೇರೆ ರೀತಿಯಲ್ಲೇ ಮಾತಾಡಿದೆವು.

ಅವತ್ತು ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ನಮಗೆ ಓದಲು ಬರಲ್ಲ, ಮಗು ಬರೆದದ್ದು ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ಇದಕ್ಕೆ ಒಂದು ಉಪಾಯ ಹೇಳಿಕೊಟ್ಟೆ. ನೀವು ಬಾಯಲ್ಲಿ ಒಂದು ಪದ ಹೇಳಿ, ಮಗು ಪಾಟಿಯಲ್ಲಿ ಬರೆಯಲಿ. ಪಾಟಿಯನ್ನು ಎತ್ತಿಟ್ಟು, ಪಕ್ಕದ ಮನೆಯ ನಾಲ್ಕನೇ ಐದನೇ ತರಗತಿ ಮಕ್ಕಳು ಬಂದಾಗ ಓದಲು ಹೇಳಿ. ನೀವು ಹೇಳಿದ ಪದವೇ ಅವರ ಬಾಯಿಂದ ಬಂದರೆ ನಿಮ್ಮ ಮಗು ಸರಿ ಬರೆದಿದೆ. ಇದು ಊರಲ್ಲಿ ಹಬ್ಬಿತು. ಸಂಜೆ ಹೊತ್ತು ಪಾಟಿ ಹಿಡಿದುಕೊಂಡು ಮನೆಯಿಂದ ಮನೆಗೆ ಓಡಾಡುವ ಮಕ್ಕಳು ಜಾಸ್ತಿಯಾದರು.

ಒಂದು ನಿಮಿಷದ ದನಿ

ವಾಟ್ಸಾಪ್ ಗ್ರೂಪ್ ಮೊದಲೇ ಇತ್ತು. ಗುಡ್ ಮಾರ್ನಿಂಗ್ ಹೂವು, ಲಾಟರಿ ಫಾರ್ವರ್ಡ್‌ಗಳ ನಡುವೆ ನನ್ನ ಟೈಪ್ ಮಾಡಿದ ಮೆಸೇಜ್ ಕಾಣೆಯಾಗುತ್ತಿತ್ತು. ಗ್ರೂಪಿನಲ್ಲಿ ಶಿಕ್ಷಕರು ಮಾತ್ರ ಹಾಕುವ ಹಾಗೆ ಸೆಟ್ಟಿಂಗ್ ಬದಲಾಯಿಸಿ, ಪ್ರತಿ ಶುಕ್ರವಾರ ಸಂಜೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಹಾಕಲು ಶುರು ಮಾಡಿದೆ. ಪುಸ್ತಕದ ಕನ್ನಡ ಬಿಟ್ಟು, ಅವರ ಜೊತೆ ಮಾತಾಡುವ ಹಾಗೆಯೇ. ಒಂದು ವಾರದ್ದು ಹೀಗಿತ್ತು:

"ನಮಸ್ಕಾರ್ರಿ. ಈ ವಾರ ಒಂದನೇತ್ತೆ ಮಕ್ಕಳು ಜ ವ ಮ ಬ ನ ಕಲ್ತಾರ್ರಿ. ಮನ್ಯಾಗ 'ಮರ' ಬರಿ ಅನ್ರಿ, 'ನಗ' ಬರಿ ಅನ್ರಿ. ಲೆಕ್ಕದಾಗ ಹತ್ತರ ಗುಂಪು ನಡದದ. ರೊಟ್ಟಿ ಬಡದಾದ ಮ್ಯಾಲ ಎಷ್ಟು ಅವ ಎಣಸು ಅನ್ರಿ. ಸೋಮವಾರ ಒಬ್ಬೊಬ್ಬರ ಕೈಯಾಗ ಹತ್ತು ತೊಗರಿ ಕಾಳು, ಹತ್ತು ಸೇಂಗಾ ಬೀಜ ಕಳಸ್ರಿ. ಅಷ್ಟೇರಿ."

ಏನು ಕಲಿತರು, ಮನೆಯಲ್ಲಿ ಏನು ಕೇಳಬೇಕು, ಏನು ಕಳಿಸಬೇಕು. ಇದಕ್ಕಿಂತ ಹೆಚ್ಚು ಹೇಳಿದರೆ ಯಾರೂ ಕೊನೆ ತನಕ ಕೇಳುವುದಿಲ್ಲ ಅಂತ ಎರಡನೇ ವಾರವೇ ಗೊತ್ತಾಯಿತು. ಮಕ್ಕಳ ಮುಖದ ಫೋಟೋ ಹಾಕಲಿಲ್ಲ. ಗೋಡೆಯ ಬರಹ, ಚಪ್ಪರದ ಕೆಲಸದ ಫೋಟೋ ಮಾತ್ರ. ಅಪರೂಪಕ್ಕೆ ಒಂದೊಂದು ಮಗು ಓದಿದ್ದನ್ನು ರೆಕಾರ್ಡ್ ಮಾಡಿ ಅವರವರ ಅಪ್ಪನಿಗಷ್ಟೇ ಕಳಿಸುತ್ತಿದ್ದೆ. ದಸರೆಗೆ ಟಿಸಿ ಕೇಳಿದವರಿಗೆ ಮಗಳು ಓದಿದ ಐದು ಸಾಲು ಕಳಿಸಿದಾಗ ಬೆಂಗಳೂರಿಂದ ಫೋನ್ ಬಂತು. ಹಿಂದೆ ಮಿಕ್ಸರ್ ತಿರುಗುವ ಸದ್ದು. "ಇನ್ನೊಮ್ಮಿ ಕಳಸ್ರಿ ಟೀಚರ್, ಇಲ್ಲಿ ನಮ್ಮವರೆಲ್ಲಾ ಕೇಳ್ಬೇಕಂತಾರ" ಅಂದರು.

ಫೋನ್ ಇಲ್ಲದ ಮನೆಗಳಿಗೆ ದಾರಿಯಾಗಿದ್ದು ಬಿಸಿಯೂಟದ ಅಡುಗೆಯವರು. ಅವರಿಗೆ ಶುಕ್ರವಾರ ಮೊದಲೇ ಹೇಳಿಬಿಡುತ್ತಿದ್ದೆ. ನಳದ ಹತ್ತಿರ, ಗಿರಣಿಯ ಹತ್ತಿರ "ಸಾಲ್ಯಾಗ ಏನ್ ನಡದದ" ಅಂತ ಜನ ಕೇಳುವುದು ಅವರನ್ನೇ. ಮೊದಲಾದರೆ "ಆಡ್ತಾವ, ಉಣ್ತಾವ" ಅನ್ನುತ್ತಿದ್ದರು. ಅವರಿಗೂ ನಾವು ಏನೂ ಹೇಳಿರಲಿಲ್ಲವಲ್ಲ.

ಕೆಟ್ಟದ್ದು

ಜನವರಿಯ ಸಂತೆ ದಿನ ನಾನು ಒಂದು ತಪ್ಪು ಮಾಡಿದೆ. ಪ್ರಗತಿ ನೋಟ ಗೋಡೆಯಲ್ಲೇ ಇರುತ್ತೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಹೆಸರಿನ ಮುಂದೆ ಗುರುತು. ಅದು ನನಗೆ ಮತ್ತು ಮಕ್ಕಳಿಗೆ ಇರುವಂಥದ್ದು. ತಾಯಂದಿರು ಬಂದಿದ್ದಾರೆ, ಇದನ್ನೂ ತೋರಿಸೋಣ ಅಂತ ಎಲ್ಲರ ಮುಂದೆ ಒಂದೊಂದೇ ಹೆಸರು ಓದಿ ವಿವರಿಸಿದೆ. ನಲಿಕಲಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಹೋಗುತ್ತೆ, ಹಿಂದೆ ಮುಂದೆ ಇರುವುದು ಸಹಜ ಅಂತಲೂ ಹೇಳಿದೆ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವರು ಅದನ್ನು ರ್‍ಯಾಂಕ್ ಪಟ್ಟಿಯಾಗಿಯೇ ನೋಡಿದರು.

ಎರಡನೇ ತರಗತಿಯ ಒಬ್ಬ ಹುಡುಗ ಎಲ್ಲರಿಗಿಂತ ಕೆಳಗಿದ್ದ. ಅವನ ತಾಯಿ ಅಲ್ಲೇ ಅವನ ಕಿವಿ ಹಿಡಿದು "ನಿನಗಿಂತ ಸಣ್ಣಾಕಿ ಮ್ಯಾಲದಾಳ ನೋಡು" ಅಂದರು. ಎರಡು ದಿನ ಅವನು ಬರಲಿಲ್ಲ. ಮೂರನೇ ದಿನ ಬಂದಾಗ ಮೀನಖಂಡದ ಮೇಲೆ ಬರೆ ಇತ್ತು, ಬಾರುಕೋಲಿನದು.

ಸಂಜೆ ಅವರ ಮನೆಗೆ ಹೋದೆ. ಆ ತಾಯಿ ಕೆಟ್ಟವರಲ್ಲ. ಒಬ್ಬರೇ ಮೂರು ಮಕ್ಕಳನ್ನು ಸಾಕುತ್ತಿದ್ದಾರೆ. ಎಲ್ಲರ ಮುಂದೆ ತಲೆ ತಗ್ಗಿಸುವ ಹಾಗಾಯಿತು ಅಂತ ಅತ್ತರು. ತಗ್ಗಿಸುವ ಹಾಗೆ ಮಾಡಿದ್ದು ನಾನು, ನಿಮ್ಮ ಮಗನಲ್ಲ ಅಂತ ಹೇಳಿ ತಪ್ಪಾಯಿತು ಅಂದೆ. ಆ ಹುಡುಗನನ್ನೂ ಕೂರಿಸಿಕೊಂಡು, ಜೂನ್‌ನಲ್ಲಿ ಅವನು ಎಲ್ಲಿದ್ದ, ಈಗ ಎಲ್ಲಿಗೆ ಬಂದಿದ್ದಾನೆ ಅಂತ ಅವನದೇ ಎರಡು ಬರಹ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಏಳು ತಿಂಗಳಲ್ಲಿ ಅವನು ನಡೆದ ದಾರಿ ಕಮ್ಮಿ ಏನಲ್ಲ.

ಅದಾದ ಮೇಲೆ ಸಂತೆ ದಿನ ಪ್ರಗತಿ ನೋಟದ ಮೇಲೆ ಬಟ್ಟೆ ಹಾಕುತ್ತೇನೆ. ಮಗುವಿನ ಪ್ರಗತಿ ಆ ಮಗುವಿನ ಮನೆಯವರಿಗೆ ಮಾತ್ರ, ಪಕ್ಕಕ್ಕೆ ಕರೆದು, ಅದರದೇ ಹಳೆ ಬರಹದ ಜೊತೆ ಹೋಲಿಸಿ ಹೇಳುತ್ತೇನೆ. ಎಲ್ಲರಿಗೂ ಹೇಳುವುದು ತರಗತಿಯ ಚಟುವಟಿಕೆ ಮಾತ್ರ. ಇವೆರಡನ್ನೂ ಒಂದೇ ಸಭೆಯಲ್ಲಿ ಬೆರೆಸಬಾರದು ಅಂತ ಆ ಹುಡುಗನ ಕಾಲು ನೋಡಿ ನಾನು ಕಲಿತೆ. ಈ ಬರಹ ಓದುವ ಟೀಚರುಗಳಿಗೆ ನನ್ನದು ಒಂದೇ ವಿನಂತಿ: ಬೇರೆ ಯಾವುದನ್ನು ಮಾಡದಿದ್ದರೂ ಇದನ್ನು ದಯವಿಟ್ಟು ನೆನಪಿಡಿ.

ಹತ್ತಿ ಹೊಲ ಮತ್ತು ಹಾಜರಾತಿ

ಹತ್ತಿಯ ಕಾಲದಲ್ಲಿ ಹಾಜರಾತಿ ಬೀಳುತ್ತೆ. ದೊಡ್ಡವರು ಬಿಡಿಸಲು ಹೋಗುತ್ತಾರೆ, ಏಳೆಂಟು ವರ್ಷದ್ದು ಬದುವಿನ ಮೇಲೆ ತಮ್ಮನನ್ನೋ ತಂಗಿಯನ್ನೋ ಆಡಿಸುತ್ತಾ ಕೂರುತ್ತೆ. ನಾವು ವರ್ಷಾ ವರ್ಷಾ ಬೈಯುತ್ತಿದ್ದೆವು. ಮನೆಯವರು ಒಳಗೊಳಗೆ ಏನು ಅಂದುಕೊಂಡಿದ್ದರು ಅಂತ ಈ ಸಂತೆ ದಿನಗಳಲ್ಲಿ ಮಾತಾಡುವಾಗ ಗೊತ್ತಾಯಿತು. ಹತ್ತು ದಿನ ತಪ್ಪಿತು ಅಂದರೆ ಪಾಠ ಮುಂದೆ ಹೋಗಿರುತ್ತೆ, ಇನ್ನು ಕಳಿಸಿ ಏನು ಪ್ರಯೋಜನ ಅಂತ ಅವರ ಲೆಕ್ಕ. ಹತ್ತು ದಿನದ ಗೈರು ಹಾಗೇ ತಿಂಗಳಾಗುತ್ತಿತ್ತು.

ನಲಿಕಲಿಯಲ್ಲಿ ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು. ಇದು ನಮಗೆ ಮೊದಲಿಂದ ಗೊತ್ತಿದ್ದ ವಿಷಯ. ತಾಯಂದಿರಿಗೆ ಹೇಳಿದ್ದು ಫೆಬ್ರವರಿಯಲ್ಲಿ. "ತಪ್ಪಿಸಬ್ಯಾಡ್ರಿ. ತಪ್ಪಿದ್ರ ನಾಚ್ಕೋಬ್ಯಾಡ್ರಿ, ಮರುದಿನ ಕಳಸ್ರಿ, ಅದರ ಕಾರ್ಡ್ ಅಲ್ಲೇ ಇರ್ತದ" ಅಂತ ವಾಯ್ಸ್ ಮೆಸೇಜಿನಲ್ಲೂ ಹಾಕಿದೆ. ಹಾಜರಾತಿ ಪೂರ್ತಿ ಸರಿಹೋಯಿತು ಅಂತ ಹೇಳಲಾರೆ. ಹೊಲಕ್ಕೆ ಹೋದ ಮಕ್ಕಳು ಬೇಗ ವಾಪಸ್ ಬರಲು ಶುರು ಮಾಡಿದರು, ಅದು ನಿಜ. ಊರನ್ನೇ ಬಿಟ್ಟು ಗುಳೆ ಹೋದ ಮೂರು ಮನೆಗಳ ಮಕ್ಕಳಿಗೆ ನನ್ನ ಈ ಯಾವ ದಾರಿಯೂ ಮುಟ್ಟಲಿಲ್ಲ. ವಾಯ್ಸ್ ಮೆಸೇಜ್ ಹೋಗುತ್ತಿತ್ತು, ನೀಲಿ ಗೆರೆ ಬರುತ್ತಿತ್ತು. ಅಲ್ಲಿ ಮಗು ಪಾಟಿ ಹಿಡಿಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಮಾರ್ಚ್ ಆದ ಮೇಲೆ

ಆ ಹುಡುಗಿ ನಮ್ಮಲ್ಲೇ ಉಳಿದಳು. ಎರಡನೇ ತರಗತಿಯ ಒಬ್ಬ ಹುಡುಗ, ನಮ್ಮ ಸಂತೆ ಸಭೆಗೆ ಎರಡು ಸಲ ಬಂದಿದ್ದವರ ಮಗ, ಜೂನ್‌ನಲ್ಲಿ ಇಂಗ್ಲಿಷ್ ಬೇಕು ಅಂತ ವ್ಯಾನ್ ಹತ್ತಿದ. ಅವನ ತಾಯಿ ಟಿಸಿ ತೆಗೆದುಕೊಳ್ಳಲು ಬಂದಾಗ ಅವನ ಗೋಡೆಯ ಮನೆಯ ಫೋಟೋ ಕೇಳಿ ಹಾಕಿಸಿಕೊಂಡರು. ಅವರ ನಿರ್ಧಾರ ಅವರದು. ಏನೂ ಗೊತ್ತಿಲ್ಲದೆ ಹೋದರು ಅನ್ನುವ ಕೊರಗು ಈ ಸಲ ನನಗಿಲ್ಲ.

ಈಗಿನ ಕೆಲಸ ನಾಲ್ಕನೇ ತರಗತಿಯದು. ಮೂರು ಮುಗಿದ ಕೂಡಲೇ ಏಣಿಯೂ ಇಲ್ಲ, ಕಾರ್ಡೂ ಇಲ್ಲ. ಬೇರೆ ಬೇರೆ ಪಠ್ಯಪುಸ್ತಕ, ಬೆಂಚು, ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆ. ಮಕ್ಕಳು ಜೂನ್‌ನಲ್ಲಿ ಕಂಗಾಲಾಗುತ್ತಾರೆ. ನಲಿಕಲಿಗೆ ಈಗಷ್ಟೇ ಹೊಂದಿಕೊಂಡ ತಾಯಂದಿರು ಇನ್ನೂ ಜಾಸ್ತಿ. "ಗೋಡಿ ಮ್ಯಾಲ ಬರ್ಯಾದು ಯಾಕ ಬಿಡಿಸ್ದಿರಿ?" ಅಂತ ಒಬ್ಬರು ನಾಲ್ಕನೇ ತರಗತಿಯ ಸರ್ ಹತ್ತಿರ ಜಗಳವನ್ನೇ ತೆಗೆದರು. ಸರ್ ನನ್ನ ಕೋಣೆಗೆ ಬಂದು, ಮುಂದಿನ ಸಂತೆ ದಿನ ನನಗೂ ಅರ್ಧ ತಾಸು ಕೊಡ್ರಿ ಅಂತ ಕೇಳಿದ್ದಾರೆ. ಪರಿಸರ ಅಧ್ಯಯನದ ಪುಸ್ತಕ ತರುತ್ತಾರಂತೆ. ಆ ತಾಯಿಯನ್ನೇ ಮೊದಲ ಸಾಲಿನಲ್ಲಿ ಕೂರಿಸುತ್ತೇನೆ ಅಂದಿದ್ದೇನೆ.